ಬಾಲ ಕುಣಿಸುವ ಆ ಪುಟ್ಟ ಹಕ್ಕಿ ಯಾವುದು? ನಮ್ಮ ಕೆರೆ ದಡದ ಗೊರವಗಳನ್ನು ಗುರುತು ಹಿಡಿಯುವ ಬಗೆ

ಶ್ರಾವಣ ಮುಗಿಯುತ್ತಾ ಬಂದಾಗ ಒಂದು ದಿನ ಬೆಳಗ್ಗೆ ಕಲಬುರಗಿಯ ಅಪ್ಪನ ಕೆರೆ ಕಡೆ ಹೋಗಿ ನೋಡಿ. ನೀರಿನ ಅಂಚಿನ ಕಲ್ಲಿನ ಮೇಲೆ ಕಂದು ಬಣ್ಣದ ಒಂದು ಪುಟ್ಟ ಹಕ್ಕಿ ಒಂಟಿಯಾಗಿ ನಿಂತಿರಬಹುದು. ನಿಂತಲ್ಲೇ ಅದರ ಹಿಂಭಾಗ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ನೀವು ನಾಲ್ಕು ಹೆಜ್ಜೆ ಹತ್ತಿರ ಹೋದರೆ 'ಟ್ವೀ-ವೀ-ವೀ' ಎಂದು ಸಣ್ಣ ದನಿಯಲ್ಲಿ ಕೂಗಿ, ನೀರಿಗೆ ತಾಗುವ ಹಾಗೆ ಹಾರಿ, ಸ್ವಲ್ಪ ಮುಂದೆ ಮತ್ತೆ ದಡಕ್ಕೇ ಬಂದು ಕೂರುತ್ತದೆ. ಕೂತ ಕೂಡಲೇ ಮತ್ತೆ ಅದೇ ಕುಣಿತ.

ಅದೇ ಕಾಮನ್ ಸ್ಯಾಂಡ್‌ಪೈಪರ್. ಕನ್ನಡದಲ್ಲಿ ಗದ್ದೆ ಗೊರವ ಎಂದು ಕರೆಯುವ ಬಳಗದ ಹಕ್ಕಿ. ನೀರಿನ ಅಂಚಿನಲ್ಲಿ ಓಡಾಡಿ ಹುಳ ಹಿಡಿಯುವ ಇಂಥ ಹಕ್ಕಿಗಳನ್ನೇ ಇಲ್ಲಿ ಗೊರವ ಎನ್ನುತ್ತಿದ್ದೇನೆ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ನೀರಿರುವ ಕಡೆ ಚಳಿಗಾಲದಲ್ಲಿ ಸಿಗುತ್ತದೆ. ದೊಡ್ಡ ಜಲಾಶಯವೇ ಬೇಕು ಅಂತಿಲ್ಲ, ಊರ ಹೊರಗಿನ ಹಳ್ಳದಲ್ಲೂ ಬರುತ್ತದೆ. ಆದರೆ ಇದರ ಜೊತೆಗೆ ಇದರ ಹಾಗೇ ಕಾಣುವ ಇನ್ನೂ ಐದಾರು ಜಾತಿಗಳು ಅದೇ ದಡದಲ್ಲಿ ಓಡಾಡುತ್ತಿರುತ್ತವೆ. ಎಲ್ಲವೂ ಮೇಲೆ ಕಂದು, ಕೆಳಗೆ ಬಿಳಿ. ಹೊಸಬರು ಕೈ ಚೆಲ್ಲುವುದು ಇಲ್ಲೇ. ನಾನೂ ಮೊದಲ ಎರಡು ಚಳಿಗಾಲ ಬಣ್ಣ ನೋಡಿ ನೋಡಿಯೇ ಕಳೆದೆ, ಏನೂ ಹತ್ತಲಿಲ್ಲ. ಆಮೇಲೆ ತಿಳಿಯಿತು: ಈ ಹಕ್ಕಿಗಳ ಮಟ್ಟಿಗೆ ಬಣ್ಣ ಕೊನೆಗೆ ನೋಡಬೇಕಾದದ್ದು. ಮೊದಲು ನೋಡಬೇಕಾದದ್ದು ನಡಿಗೆ.

ಯಾವಾಗ, ಎಲ್ಲಿ

ಕಾಮನ್ ಸ್ಯಾಂಡ್‌ಪೈಪರ್ ನಮ್ಮಲ್ಲಿ ಮರಿ ಮಾಡುವುದಿಲ್ಲ. ಕಾಶ್ಮೀರ, ಲಡಾಖ್‌ನ ಹೊಳೆ ದಡಗಳಲ್ಲಿ, ಇನ್ನೂ ದೂರ ಯುರೋಪಿನಿಂದ ಜಪಾನಿನವರೆಗಿನ ತಂಪು ನಾಡುಗಳಲ್ಲಿ ಮರಿ ಮಾಡಿ, ಆಗಸ್ಟ್ ಹೊತ್ತಿಗೆ ದಕ್ಷಿಣಕ್ಕೆ ಇಳಿಯುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದವರೆಗೂ ಒಂದೊಂದು ಉಳಿದಿರುತ್ತದೆ. ಹಬ್ಬದ ಲೆಕ್ಕದಲ್ಲಿ ಹೇಳುವುದಾದರೆ ಗಣೇಶ ಚೌತಿಯ ಹೊತ್ತಿಗೆ ಬಂದಿರುತ್ತದೆ, ಬಸವ ಜಯಂತಿಯ ಹೊತ್ತಿಗೆ ಹೊರಟಿರುತ್ತದೆ.

ಇದೊಂದನ್ನೇ ನೋಡಬೇಕು ಅಂದರೆ ಈ ತಿಂಗಳುಗಳಲ್ಲಿ ಯಾವಾಗ ಹೋದರೂ ಆದೀತು. ಆದರೆ ಪುಟ್ಟ ಗೊರವಗಳನ್ನೆಲ್ಲ ಒಟ್ಟಿಗೆ ನೋಡಿ ಕಲಿಯಬೇಕು ಅಂದರೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಮಳೆಗಾಲ ಮುಗಿದಾಗ ಜಲಾಶಯಗಳು ತುಂಬಿರುತ್ತವೆ, ದಡದಲ್ಲಿ ಹಕ್ಕಿಗೆ ಕಾಲಿಡಲು ಜಾಗವೇ ಇರುವುದಿಲ್ಲ. ಎಳ್ಳಮಾಸಿ ಕಳೆದ ಮೇಲೆ ನೀರು ಹಿಂದೆ ಸರಿಯುತ್ತದೆ, ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳ ಇರುತ್ತದೆ. ಹುಳ ಇದ್ದಲ್ಲಿ ಇವು ಬರುತ್ತವೆ. ಶರಣಬಸವೇಶ್ವರ ಜಾತ್ರೆಯ ಸುಮಾರಿಗೆ ಬೆಣ್ಣೆತೊರಾ ಜಲಾಶಯದ ಹಿನ್ನೀರಿನ ಅಂಚು ನೋಡಲು ಚೆಂದ. ಆಳಂದ ಕಡೆಯವರಿಗೆ ಅಮರ್ಜಾ ಜಲಾಶಯ ಇದೆ. ಬೀದರಿನವರಿಗೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಮಾಂಜ್ರಾ ನದಿ ದಡ. ಯಾದಗಿರಿಯವರಿಗೆ ಹತ್ತಿಕುಣಿ ಜಲಾಶಯ, ಊರ ಪಕ್ಕದ ಭೀಮಾ ನದಿ, ಸುರಪುರ ತಾಲ್ಲೂಕಿನ ಬೋನಾಳ ಕೆರೆ. ಬೋನಾಳಕ್ಕೆ ಜನ ಹೋಗುವುದು ಹೆಬ್ಬಾತು, ಕೊಕ್ಕರೆ ನೋಡಲು. ನೀವು ಹೋದಾಗ ದೊಡ್ಡ ಹಕ್ಕಿಗಳಿಂದ ಕಣ್ಣು ಸ್ವಲ್ಪ ಇತ್ತ ತಿರುಗಿಸಿ ನೀರಿನ ಅಂಚಿನ ಒಂದು ಮಾರು ಜಾಗವನ್ನೂ ನೋಡಿ.

ಹೊತ್ತು ಮುಖ್ಯ. ಬೆಳಗ್ಗೆ ಆರೂವರೆಯಿಂದ ಒಂಬತ್ತರ ಒಳಗೆ ನೋಡಿ ಮುಗಿಸಿ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಮಾರ್ಚ್‌ನಲ್ಲಿ ಹತ್ತು ಗಂಟೆ ಆಯಿತು ಅಂದರೆ ಕೆಸರಿನ ಮೇಲೆ ಗಾಳಿ ಕುದಿಯಲು ಶುರುವಾಗುತ್ತದೆ. ದುರ್ಬೀನಿನಲ್ಲಿ ಹಕ್ಕಿ ಬದಲು ಬಿಸಿಲುಗುದುರೆಯೇ ಕಾಣುತ್ತದೆ. ಸೂರ್ಯ ನಿಮ್ಮ ಬೆನ್ನಿಗೆ ಇರಲಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕಪ್ಪು.

ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಇದ್ದರೆ ಸಾಕು. ಇಲ್ಲದಿದ್ದರೂ ಕಾಮನ್ ಸ್ಯಾಂಡ್‌ಪೈಪರನ್ನು ಬರಿಗಣ್ಣಿನಲ್ಲೇ ಗುರುತು ಹಿಡಿಯಬಹುದು, ಅದು ಅಷ್ಟು ಹತ್ತಿರ ಬಿಡುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ.

ಒಂದು ಎಚ್ಚರಿಕೆ. ಎರೆ ಮಣ್ಣಿನ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ, ಕೆಳಗೆ ಮೆತ್ತಗೇ ಇರುತ್ತದೆ. ಕಾಲಿಟ್ಟರೆ ಮೊಣಕಾಲುವರೆಗೆ ಹೂತು ಹೋಗುತ್ತೀರಿ. ದನ, ಎಮ್ಮೆ ನಡೆದ ದಾರಿಯಲ್ಲೇ ಹೋಗಿ. ಕೃಷ್ಣೆಯ ದಡದಲ್ಲಿ ಮೊಸಳೆ ಇರುತ್ತವೆ, ಅಲ್ಲಿ ಊರವರನ್ನು ಕೇಳದೆ ನೀರಿನ ಅಂಚಿಗೆ ಇಳಿಯಬೇಡಿ.

ಮೊದಲು ಐದು ನಿಮಿಷ ಸುಮ್ನೆ ನೋಡಿ

ಹಕ್ಕಿ ಕಂಡ ಕೂಡಲೇ ಫೋಟೋಗೆ ಕೈ ಹಾಕಬೇಡಿ, ಪುಸ್ತಕವನ್ನೂ ತೆರೆಯಬೇಡಿ. ಕೂತು ನೋಡಿ. ಅದು ಹೇಗೆ ನಡೆಯುತ್ತಿದೆ?

ಕಾಮನ್ ಸ್ಯಾಂಡ್‌ಪೈಪರ್ ಸುಮ್ಮನಿರುವುದೇ ಇಲ್ಲ. ನಿಂತರೂ ನಡೆದರೂ ದೇಹದ ಹಿಂದಿನ ಅರ್ಧ ತೂಗುತ್ತಲೇ ಇರುತ್ತದೆ. ಬರೀ ಬಾಲ ಅಲ್ಲ, ಸೊಂಟದಿಂದ ಹಿಂದಕ್ಕೆ ಎಲ್ಲವೂ. ಇದೊಂದೇ ಗುರುತು ಬಹಳ ಸಲ ಸಾಕಾಗುತ್ತದೆ.

ಬಾಲ ಕುಣಿಸುವ ಇನ್ನೊಂದು ಹಕ್ಕಿ ನಮಗೆಲ್ಲ ಗೊತ್ತು, ಕುಂಡೆಕುಸ್ಕ. ಅದೂ ಅದೇ ಕಲ್ಲಿನ ಮೇಲೆ ಬಂದು ಕೂರುತ್ತದೆ. ಆದರೆ ಕುಂಡೆಕುಸ್ಕನ ಬಾಲ ಉದ್ದ, ಕೊಕ್ಕು ಗಿಡ್ಡ ಮತ್ತು ತೆಳು. ಸ್ಯಾಂಡ್‌ಪೈಪರಿನ ಕೊಕ್ಕು ನೇರ, ಹೆಚ್ಚು ಕಡಿಮೆ ಅದರ ತಲೆಯಷ್ಟೇ ಉದ್ದ. ಬಾಲ ಕುಂಡೆಕುಸ್ಕನಷ್ಟು ಉದ್ದವಲ್ಲ. ಹಾಗಿದ್ದರೂ ಕೂತಾಗ ಮಡಿಸಿದ ರೆಕ್ಕೆಯ ತುದಿಯಿಂದ ಅದು ಚೆನ್ನಾಗಿ ಹೊರಗೆ ಚಾಚಿರುತ್ತದೆ. ಅಕ್ಕಪಕ್ಕದ ಹೆಚ್ಚಿನ ಗೊರವಗಳಲ್ಲಿ ಬಾಲ ರೆಕ್ಕೆಯ ಕೆಳಗೇ ಮುಗಿದು ಹೋಗುತ್ತದೆ.

ನಡಿಗೆ ಹೊಂದಿತು ಅಂದರೆ ಎರಡನೆಯದಾಗಿ ಎದೆ ನೋಡಿ. ಎದೆಯ ಎರಡು ಪಕ್ಕಕ್ಕೂ ಕಂದು ಮಚ್ಚೆ ಇರುತ್ತದೆ. ಆ ಮಚ್ಚೆಗೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಬಣ್ಣ ಮೇಲಕ್ಕೆ ನುಗ್ಗಿ, ಬೆಣೆ ಹೊಡೆದ ಹಾಗೆ ಹೆಗಲವರೆಗೆ ಏರಿರುತ್ತದೆ. ಈ ಬಿಳಿ ಬೆಣೆ ಬೇರೆ ಯಾವ ಪುಟ್ಟ ಗೊರವಕ್ಕೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ಕೊಟ್ಟ ಹೆಸರು ಹೈಪೋಲ್ಯೂಕೋಸ್. ಗ್ರೀಕ್‌ನಲ್ಲಿ 'ಕೆಳಗೆ ಬಿಳಿ' ಎಂದು ಅರ್ಥ. ನೀವು ನೋಡುತ್ತಿರುವುದೂ ಅದನ್ನೇ.

ಗಾತ್ರ ಸುಮಾರು 20 ಸೆಂಟಿಮೀಟರ್, ಅಂದರೆ ಮನೆ ಹಿತ್ತಲಿಗೆ ಬರುವ ಪಿಕಳಾರದಷ್ಟು. ತೂಕ 50 ಗ್ರಾಂ ಆಸುಪಾಸು. ಗಾತ್ರವನ್ನು ಸೆಂಟಿಮೀಟರಿನಲ್ಲಿ ಅಳೆಯಲು ಹೋಗಬೇಡಿ, ಬಯಲಿನಲ್ಲಿ ಅದು ಆಗುವ ಮಾತಲ್ಲ. ಹತ್ತಿರದಲ್ಲೇ ಟಿಟ್ಟಿಭವೋ, ಮೈನಾವೋ, ಗುಬ್ಬಿಯೋ ಇದ್ದರೆ ಅದಕ್ಕೆ ಹೋಲಿಸಿ.

ಮೂರನೆಯದು ಹಾರಾಟ. ಓಡಿಸಲು ಹೋಗಬೇಡಿ, ಯಾರೋ ಬಟ್ಟೆ ಒಗೆಯಲು ಬಂದಾಗ, ಎಮ್ಮೆ ನೀರಿಗಿಳಿದಾಗ ಅದೇ ಹಾರುತ್ತದೆ. ರೆಕ್ಕೆಯನ್ನು ಪೂರ್ತಿ ಬಡಿಯುವುದಿಲ್ಲ. ಬಿಲ್ಲಿನ ಹಾಗೆ ಕೆಳಕ್ಕೆ ಬಾಗಿಸಿಕೊಂಡು ಪಟಪಟ ಅಂತ ಅದುರಿಸಿ, ಸ್ವಲ್ಪ ತೇಲಿ, ಮತ್ತೆ ಅದುರಿಸುತ್ತದೆ. ನೀರಿನ ಮೇಲೆ ಒಂದೆರಡು ಅಡಿ ಎತ್ತರದಲ್ಲೇ ಹೋಗುತ್ತದೆ. ರೆಕ್ಕೆಯಲ್ಲಿ ಒಂದು ಬಿಳಿ ಗೆರೆ ಉದ್ದಕ್ಕೂ ಕಾಣುತ್ತದೆ, ಸೊಂಟ, ಅಂದರೆ ಬಾಲದ ಬುಡದ ಮೇಲ್ಭಾಗ, ಮಾತ್ರ ಕಂದು. ಈ ಕಂದು ಸೊಂಟ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅಣ್ಣ ತಮ್ಮಂದಿರ ಹಾಗೆ ಕಾಣುವವು

ವುಡ್ ಸ್ಯಾಂಡ್‌ಪೈಪರ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್ ಎರಡೂ ಗಾತ್ರದಲ್ಲಿ ಕಾಮನ್‌ಗೆ ಹತ್ತಿರ, ಕಾಲು ಸ್ವಲ್ಪ ಉದ್ದ. ಎರಡೂ ಹಾರಿದಾಗ ಸೊಂಟ ಬೆಳ್ಳಗೆ ಮಿಂಚುತ್ತದೆ, ರೆಕ್ಕೆಯಲ್ಲಿ ಬಿಳಿ ಗೆರೆ ಇರುವುದಿಲ್ಲ. ಕಾಮನ್‌ಗೆ ತಿರುವು ಮುರುವು. ಇಷ್ಟು ಗೊತ್ತಿದ್ದರೆ ಅರ್ಧ ಜಗಳ ಮುಗಿಯಿತು.

ಇನ್ನು ಅವೆರಡರ ನಡುವೆ. ವುಡ್ ಸ್ಯಾಂಡ್‌ಪೈಪರಿನ ಬೆನ್ನ ಮೇಲೆ ಎಳ್ಳು ಎರಚಿದ ಹಾಗೆ ಬಿಳಿ ಚುಕ್ಕೆ ಜಾಸ್ತಿ. ಕಣ್ಣಿನ ಮೇಲಿನ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ. ಕಾಲು ಹಳದಿ. ಬಹಳ ಸಲ ನಾಲ್ಕಾರು ಒಟ್ಟಿಗೆ ಇರುತ್ತವೆ, ಹಾರುವಾಗ 'ಚಿಫ್-ಇಫ್-ಇಫ್' ಎಂದು ಒಣ ದನಿಯಲ್ಲಿ ಕೂಗುತ್ತವೆ. ಗ್ರೀನ್ ಸ್ಯಾಂಡ್‌ಪೈಪರ್ ಹೆಸರಿಗೆ ಹಸಿರು, ನೋಡಲು ಕಪ್ಪು ಬಿಳುಪು. ಬೆನ್ನು ಅಷ್ಟು ಗಾಢ. ಹುಬ್ಬು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಹಾರಿದಾಗ ರೆಕ್ಕೆಯ ಅಡಿಭಾಗ ಕಪ್ಪಾಗಿ ಕಾಣುತ್ತದೆ, ವುಡ್‌ನದು ತಿಳಿ ಬಣ್ಣ. ಇದಕ್ಕೆ ಒಂಟಿತನ ಇಷ್ಟ. ಕಿರಿದಾದ ಹಳ್ಳ, ಹೊಲದ ಕಾಲುವೆ, ಬದುವಿನ ಗುಂಡಿಗಳಂಥ ಮರೆ ಜಾಗಗಳಲ್ಲಿ ಇರುತ್ತದೆ. ನೀವು ಕಾಣುವ ಮೊದಲೇ ಅದು ನಿಮ್ಮನ್ನು ಕಂಡು, ಜೋರಾಗಿ ಕೂಗಿ, ಎತ್ತರಕ್ಕೆ ಏರಿ ಹೋಗಿರುತ್ತದೆ. ಇವೆರಡೂ ಆಗಾಗ ಬಾಲ ತೂಗುತ್ತವೆ, ನಿಜ. ಆದರೆ ನಿಂತು ನಿಂತು ತೂಗುತ್ತವೆ. ಕಾಮನ್‌ನ ಹಾಗೆ ಬಿಡುವಿಲ್ಲದ ಕುಣಿತ ಅಲ್ಲ.

ಪುಟಾಣಿಗಳು: ಸ್ಟಿಂಟ್ ಮತ್ತು ಪ್ಲೋವರ್

ಗುಬ್ಬಿಗಿಂತಲೂ ಸಣ್ಣ ಗೊರವ ಕಂಡರೆ ಅದು ಸ್ಟಿಂಟ್. ಲಿಟಲ್ ಸ್ಟಿಂಟ್ ಉದ್ದ 12ರಿಂದ 14 ಸೆಂಟಿಮೀಟರ್, ತೂಕ 20-30 ಗ್ರಾಂ. ಮುಷ್ಟಿಯೊಳಗೆ ಮುಚ್ಚಿ ಹೋಗುವಷ್ಟು. ಇಷ್ಟೇ ಇಷ್ಟಿರುವ ಜೀವ ಆರ್ಕ್ಟಿಕ್‌ನ ಮರವೇ ಬೆಳೆಯದ ಬಯಲಿನಲ್ಲಿ ಮರಿ ಮಾಡಿ, ಅಲ್ಲಿಂದ ಹಾರಿ ನಮ್ಮ ಕಾರಂಜಾ, ಬೆಣ್ಣೆತೊರಾದ ಕೆಸರಿಗೆ ಬಂದು ಇಳಿಯುತ್ತದೆ. ಅದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲಿಟಲ್ ಸ್ಟಿಂಟ್ ಗುಂಪಿನ ಹಕ್ಕಿ. ಬಟಾ ಬಯಲು ಕೆಸರಿನಲ್ಲಿ ಓಡುತ್ತಾ, ತಲೆ ಬಗ್ಗಿಸಿ ಟಕಟಕ ಕುಕ್ಕುತ್ತಲೇ ಇರುತ್ತದೆ, ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ. ಕಾಲು ಕಪ್ಪು. ಅದರ ಜೊತೆಗೇ ಟೆಮ್ಮಿಂಕ್ಸ್ ಸ್ಟಿಂಟ್ ಎಂಬ ಇನ್ನೊಂದು ಇರುತ್ತದೆ. ಗಾತ್ರ ಅಷ್ಟೇ, ಬೆನ್ನು ಮಚ್ಚೆಯಿಲ್ಲದ ಬೂದು ಕಂದು, ಕಾಲು ಹಳದಿ ಹಸಿರು. ಎಲ್ಲ ಪುಸ್ತಕಗಳೂ ಹೇಳುವ ಮುಖ್ಯ ಗುರುತು ಈ ಕಾಲಿನ ಬಣ್ಣವೇ. ನಮ್ಮ ಕಡೆ ಈ ಗುರುತೇ ಮೋಸ ಮಾಡುತ್ತದೆ.

ಒಂದು ಫೆಬ್ರುವರಿ ಬೆಳಗ್ಗೆ ಬೆಣ್ಣೆತೊರಾ ಹಿನ್ನೀರಿನಲ್ಲಿ ಏಳು ಸ್ಟಿಂಟ್ ಕಂಡವು. ಎಲ್ಲವಕ್ಕೂ ಕಪ್ಪು ಕಾಲು. 'ಲಿಟಲ್ ಸ್ಟಿಂಟ್, 7' ಎಂದು ಬರೆದುಕೊಂಡೆ. ಹೊರಡಬೇಕು ಅನ್ನುವಷ್ಟರಲ್ಲಿ ಅವುಗಳಲ್ಲಿ ಒಂದು ಕೆಸರು ಬಿಟ್ಟು ತಿಳಿ ನೀರಿಗೆ ಇಳಿಯಿತು. ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ನಾಲ್ಕು ಹೆಜ್ಜೆ ನಡೆದು, ಆಚೆ ಕಡೆಯ ಒದ್ದೆ ಹುಲ್ಲಿನ ಮೇಲೆ ಹತ್ತಿತು. ಕಾಲು ಹಳದಿ! ಅಷ್ಟು ಹೊತ್ತು ನಾನು ನೋಡಿದ್ದು ಕಾಲಿನ ಬಣ್ಣವಲ್ಲ, ಕಾಲಿಗೆ ಮೆತ್ತಿದ ಎರೆ ಮಣ್ಣಿನ ಬಣ್ಣ. ಮತ್ತೆ ಕೂತು ನಡಿಗೆ ನೋಡಿದೆ. ಐದು ಬಯಲಿನಲ್ಲಿ ಓಡಿ ಓಡಿ ಕುಕ್ಕುತ್ತಿದ್ದವು. ಎರಡು ಮಾತ್ರ ಹುಲ್ಲಿನ ಅಂಚಿನಲ್ಲಿ ಮೊಣಕಾಲು ಮಡಿಸಿದ ಹಾಗೆ ತಗ್ಗಿಕೊಂಡು, ಇಲಿಯ ಹಾಗೆ ನಿಧಾನವಾಗಿ ಸರಿಯುತ್ತಿದ್ದವು. ನಡಿಗೆ ಮೊದಲಿನಿಂದಲೂ ಬೇರೆಯೇ ಇತ್ತು, ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಎರಡು ಹಾರಿದಾಗ 'ಟ್ರಿರ್ರ್ರ್' ಎಂಬ ಸದ್ದು ಕೇಳಿತು, ಬಾಲದ ಅಂಚು ಬೆಳ್ಳಗೆ ಮಿಂಚಿತು. ಟೆಮ್ಮಿಂಕ್ಸ್. ಲಿಟಲ್ ಸ್ಟಿಂಟ್ ಹಾಗೆ ಕೂಗುವುದಿಲ್ಲ, ಅದರದು ಮೊಟಕಾದ 'ಟಿಟ್, ಟಿಟ್'.

ಆವತ್ತಿನಿಂದ ಹಕ್ಕಿ ತಿಳಿ ನೀರಿನಲ್ಲೋ ಕಲ್ಲಿನ ಮೇಲೋ ಇಲ್ಲದಿದ್ದರೆ ನಾನು ಕಾಲಿನ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೀದರಿನ ಕೆಂಪು ಮಣ್ಣಿನ ಕೆರೆಗಳಲ್ಲೂ ಇದೇ ಕಥೆ, ಅಲ್ಲಿ ಕಾಲಿಗೆ ಕೆಂಪು ಬಳಿದಿರುತ್ತದೆ.

ಲಿಟಲ್ ರಿಂಗ್ಡ್ ಪ್ಲೋವರ್ ಗುರುತಿಸುವುದು ಸುಲಭ. ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಒಂದು ಸಲ ಕುಕ್ಕುತ್ತದೆ, ಮತ್ತೆ ಓಡುತ್ತದೆ. ಕೊಕ್ಕು ಗಿಡ್ಡ, ತಲೆ ಗುಂಡು, ಕೊರಳಿಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಉಂಗುರ. ಪಟ್ಟಿ ಎದೆಯ ನಡುವೆ ತುಂಡಾಗಿದ್ದು, ಹಳದಿ ಉಂಗುರವೂ ಇಲ್ಲ ಅಂದರೆ ಅದು ಕೆಂಟಿಶ್ ಪ್ಲೋವರ್.

ಕಾಮನ್‌ನ ದಿನಚರಿ

ಗುರುತು ಸಿಕ್ಕ ಮೇಲೆ ಹೊರಟು ಬಿಡಬೇಡಿ. ಇದರ ಬದುಕು ನೋಡಲು ಇನ್ನೂ ಚೆನ್ನ.

ಚಳಿಗಾಲದಲ್ಲಿ ಒಂದೊಂದು ಹಕ್ಕಿ ದಡದ ಒಂದೊಂದು ತುಂಡನ್ನು ತನ್ನದು ಎಂದು ಹಿಡಿದುಕೊಂಡಿರುತ್ತದೆ. ಇನ್ನೊಂದು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಹಾಗಾಗಿ ಇವತ್ತು ಒಂದು ಕಲ್ಲಿನ ಹತ್ತಿರ ಕಂಡರೆ ನಾಳೆ, ನಾಡಿದ್ದು ಅಲ್ಲೇ ಹುಡುಕಿ. ಸಿಗುವ ಸಾಧ್ಯತೆ ಜಾಸ್ತಿ. ಕೆಸರಿಗಿಂತ ಕಲ್ಲು, ಮೆಟ್ಟಿಲು, ಏರಿಯ ಕಲ್ಲು ಕಟ್ಟಡ ಇದಕ್ಕೆ ಹಿಡಿಸುತ್ತದೆ.

ಅದು ಬೇಟೆ ಆಡುವುದನ್ನು ಒಂದು ಸಲ ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ದಡದಲ್ಲಿ ಬಿದ್ದಿದ್ದ ಶಹಾಬಾದ್ ಕಲ್ಲಿನ ಚಪ್ಪಡಿಯ ಹಿಂದೆ ಕೂತಿದ್ದೆ. ಹಕ್ಕಿ ಹತ್ತು ಹೆಜ್ಜೆ ದೂರದಲ್ಲಿತ್ತು. ಒದ್ದೆ ಕಲ್ಲಿನ ಮೇಲೆ ಒಂದು ನೊಣ ಕೂತಿತು. ಹಕ್ಕಿಯ ಕುಣಿತ ನಿಂತಿತು. ಆ ಬೆಳಗ್ಗೆ ಅದು ನಿಂತದ್ದು ನಾನು ನೋಡಿದ್ದು ಅದೇ ಮೊದಲು. ಕುತ್ತಿಗೆ ಒಳಗೆ ಎಳೆದುಕೊಂಡಿತು, ಎದೆ ಕಲ್ಲಿಗೆ ತಾಗುವಷ್ಟು ತಗ್ಗಿತು. ಬೆಕ್ಕಿನ ಹಾಗೆ ಒಂದೊಂದೇ ಕಾಲು ಎತ್ತಿ ಇಟ್ಟಿತು. ಆಮೇಲೆ ಕೊಕ್ಕು ಚಾಚಿತು ಅಷ್ಟೇ, ನೊಣ ಇರಲಿಲ್ಲ. ನೆಟ್ಟಗಾದ ಮರುಕ್ಷಣ ಹಿಂಭಾಗ ಮತ್ತೆ ತೂಗಲು ಶುರುವಾಯಿತು. ನೀವೂ ಗಮನಿಸಿ: ಕುಣಿತ ನಿಂತಿತು ಅಂದರೆ ಏನೋ ನಡೆಯಲಿದೆ.

ಅಷ್ಟು ಕುಣಿಯುವುದು ಏಕೆ ಎಂದು ಮಕ್ಕಳು ಕೇಳುತ್ತಾರೆ. ಒಂದೇ ಒಂದು ಒಪ್ಪಿತ ಉತ್ತರ ಇಲ್ಲ. ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಮರಿಗಳೂ ಕುಣಿಯುತ್ತವೆ, ಯಾರೂ ಕಲಿಸಬೇಕಿಲ್ಲ ಎನ್ನುವುದು ಮಾತ್ರ ಖಚಿತ.

ಮಾರ್ಚ್ ನಂತರ ಕಾಲ ಕೆಳಗೆ ನೋಡಿ ನಡೆಯಿರಿ

ವಲಸೆ ಹಕ್ಕಿಗಳು ಹೊರಡುವ ಹೊತ್ತಿಗೆ ನಮ್ಮಲ್ಲೇ ಉಳಿಯುವ ಲಿಟಲ್ ರಿಂಗ್ಡ್ ಪ್ಲೋವರ್ ಮತ್ತು ಟಿಟ್ಟಿಭ ಮೊಟ್ಟೆ ಇಡುತ್ತವೆ. ಗೂಡು ಎಂದು ಏನೂ ಇರುವುದಿಲ್ಲ. ಹರಳು ನೆಲದಲ್ಲಿ, ನದಿಯ ಮರಳಿನಲ್ಲಿ ಒಂದು ಸಣ್ಣ ತಗ್ಗು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖ. ಬಣ್ಣ ಪಕ್ಕದ ಹರಳಿನದೇ, ಒಂದು ಅಡಿ ದೂರದಿಂದಲೂ ಕಾಣುವುದಿಲ್ಲ.

ಪ್ಲೋವರ್ ಒಂದು ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮ ಮುಂದೆ ತೆವಳಿದರೆ ಅದಕ್ಕೆ ಏನೂ ಆಗಿಲ್ಲ. ಗೂಡು ಹತ್ತಿರದಲ್ಲಿದೆ, ನಿಮ್ಮನ್ನು ಬೇರೆ ಕಡೆ ಸೆಳೆಯುತ್ತಿದೆ. ಅಲ್ಲೇ ನಿಲ್ಲಿ. ಬಂದ ಹೆಜ್ಜೆ ಗುರುತಿನ ಮೇಲೇ ಹಿಂದೆ ಹೋಗಿ. ಹುಡುಕಬೇಡಿ, ಫೋಟೋ ಬೇಡ. ಏಪ್ರಿಲ್ ಬಿಸಿಲಿನಲ್ಲಿ ತಾಯಿ ಹಕ್ಕಿ ಮೊಟ್ಟೆಗೆ ನೆರಳಾಗಿ ನಿಂತಿರುತ್ತದೆ. ಟಿಟ್ಟಿಭವಂತೂ ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ನಾವು ಹತ್ತು ನಿಮಿಷ ಅಲ್ಲಿ ನಿಂತರೆ ಮೊಟ್ಟೆ ಬೆಂದೇ ಹೋಗಬಹುದು. ನದಿ ದಡಕ್ಕೆ ಬೈಕು, ಕಾರು ಇಳಿಸಬೇಡಿ, ಜೊತೆಗೆ ನಾಯಿ ಕರೆದೊಯ್ಯಬೇಡಿ.

ಬರೆದಿಡುವುದು ಹೇಗೆ

ಒಂದು ಸಣ್ಣ ನೋಟ್‌ಬುಕ್ ಸಾಕು. ತಾರೀಕು, ಹೊತ್ತು, ಜಾಗ, ಎಷ್ಟು ಹಕ್ಕಿ. ಅದರ ಕೆಳಗೆ ನಡಿಗೆಯ ಬಗ್ಗೆ ಒಂದು ಸಾಲು: 'ಓಡಿ ನಿಂತು ಕುಕ್ಕಿತು', 'ತಗ್ಗಿಕೊಂಡು ಸರಿಯಿತು', 'ಬಿಡದೆ ತೂಗಿತು'. ಆಮೇಲೆ ಕೊಕ್ಕು, ಸೊಂಟ, ಕೂಗು. ಹೆಸರು ಕೊನೆಗೆ. ಹೆಸರು ಮೊದಲು ಬರೆದರೆ ಮನಸ್ಸು ಅದಕ್ಕೆ ಹೊಂದುವ ಗುರುತುಗಳನ್ನೇ ಹುಡುಕುತ್ತದೆ. ಮೊಬೈಲಿನಲ್ಲಿ ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ಇದ್ದರೆ ಈ ಜಾತಿಗಳ ಕೂಗನ್ನು ಮನೆಯಲ್ಲಿ ಕೇಳಿ ಕಿವಿ ಪಳಗಿಸಿಕೊಳ್ಳಿ. ದಡದಲ್ಲಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಯಬೇಡಿ, ಅದಕ್ಕೆ ಗಾಬರಿ ಆಗುತ್ತದೆ. ನೋಡಿದ್ದನ್ನು ಇ-ಬರ್ಡ್‌ಗೆ ಹಾಕಿ, ಅದು ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸಬಹುದಾದ ಜಾಲತಾಣ. ಬೆಂಗಳೂರು, ಮೈಸೂರಿನ ಕೆರೆಗಳಿಂದ ಪಟ್ಟಿಗಳು ಸಾಕಷ್ಟು ಹೋಗುತ್ತವೆ. ನಮ್ಮ ಮೂರು ಜಿಲ್ಲೆಗಳಿಂದ ಹೋಗುವ ಒಂದೊಂದು ಪಟ್ಟಿಗೂ ಬೆಲೆ ಇದೆ.

ಪ್ರತಿ ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತದೆ, 1987ರಿಂದ ನಡೆದುಕೊಂಡು ಬಂದಿದೆ. ನಿಮ್ಮೂರ ಕೆರೆಯನ್ನು ನೀವೇ ಎಣಿಸಬಹುದು. ಸ್ಟಿಂಟ್‌ಗಳ ದೊಡ್ಡ ಗುಂಪು ಸಿಕ್ಕರೆ ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಿನಲ್ಲಿ ಇಟ್ಟುಕೊಂಡು, ಅಂಥ ತುಂಡು ಎಷ್ಟಿವೆ ಎಂದು ದಡದ ಉದ್ದಕ್ಕೂ ಲೆಕ್ಕ ಹಾಕಿ. ಯಾವ ಸ್ಟಿಂಟ್ ಎಂದು ತಿಳಿಯದಿದ್ದರೆ 'ಸ್ಟಿಂಟ್, ಜಾತಿ ತಿಳಿಯಲಿಲ್ಲ' ಎಂದೇ ಬರೆಯಿರಿ. ಅಂದಾಜಿನ ಮೇಲೆ ಜಾತಿ ಬರೆಯಬೇಡಿ. ಮಾರನೆಯ ದಿನ ಬೆಳಗ್ಗೆ ಮತ್ತೆ ಹೋಗಿ, ಅವು ತಿಳಿ ನೀರಿಗೆ ಇಳಿಯುವವರೆಗೆ ಕಾಯಿರಿ.